ಉಪಗ್ರಹ ಚಿತ್ರದಲ್ಲಿ ಕಾಣದ ತೋಟಕ್ಕೆ ಹಕ್ಕುಪತ್ರ ಸಿಗುತ್ತದೆಯೇ?

ಕಾಡಿನ ಜಾಗದಲ್ಲಿ ಹಿಂದಿನಿಂದ ಬದುಕುತ್ತಿರುವವರಿಗೆ ಅದರ ಮೇಲೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಕುರಿತು ಕೊಡಗಿನ ಹಾಡಿಗಳಿಂದ (ಆದಿವಾಸಿಗಳ ವಸತಿಗಳಿಂದ), ತೋಟದ ಲೈನ್‌ಮನೆಗಳಿಂದ (ಕೂಲಿಕಾರರ ಸಾಲುಮನೆಗಳಿಂದ) ಬಂದ ಪ್ರಶ್ನೆಗಳಲ್ಲಿ ಆಯ್ದವು.

*ನಾವು ಜೇನುಕುರುಬರು. ನಾಗರಹೊಳೆ ಕಾಡಂಚಿನ ಹಾಡಿಯಲ್ಲಿ ತಾತನ ಕಾಲದಿಂದ ಇದ್ದೇವೆ. ಒಂದೂವರೆ ಎಕರೆಗೆ ಅರ್ಜಿ ಹಾಕಿದ್ದೆವು. ಗ್ರಾಮಸಭೆ ಒಪ್ಪಿತು, ಉಪವಿಭಾಗ ಮಟ್ಟದ ಸಮಿತಿ ಒಪ್ಪಲಿಲ್ಲ. ಉಪಗ್ರಹ ಚಿತ್ರದಲ್ಲಿ ಮರ ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಬಾಯಲ್ಲೇ ಹೇಳಿ ಕಳಿಸಿದರು. ಮುಂದೇನು ಮಾಡಬೇಕು?*
(ಓದುಗರು, ಪೊನ್ನಂಪೇಟೆ ತಾಲ್ಲೂಕು)

ಮೊದಲು ಲಿಖಿತ ಆದೇಶ ಕೈಗೆ ಬರಬೇಕು. ಗ್ರಾಮಸಭೆಯ ಶಿಫಾರಸನ್ನು ಬದಲಿಸಿದರೂ ತಿರಸ್ಕರಿಸಿದರೂ ಅದನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು ಎಂದು 2012ರಲ್ಲಿ ತಿದ್ದುಪಡಿಯಾದ ನಿಯಮಗಳ 12ಎ ಹೇಳುತ್ತದೆ. ಉಪವಿಭಾಗ ಮಟ್ಟದ ಸಮಿತಿಯ ಅಧ್ಯಕ್ಷರು ಉಪವಿಭಾಗಾಧಿಕಾರಿ. ಆದೇಶದ ಪ್ರತಿ ಮತ್ತು ಕಾರಣ ಕೊಡಿ ಎಂದು ಅವರ ಕಚೇರಿಗೆ ಅರ್ಜಿ ಬರೆದು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಕಾಲಾವಕಾಶ ಇದೆ. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಕೇಳಿದ ಜಾಗದಲ್ಲಿ ಅರ್ಧ ಮಾತ್ರ ಕೊಟ್ಟಿದ್ದರೆ ಅದೂ 'ಬದಲಾವಣೆ'ಯೇ. ಒಂದೂವರೆ ಎಕರೆ ಕೇಳಿ ಇಪ್ಪತ್ತು ಸೆಂಟಿನ ಪತ್ರ ಸಿಕ್ಕವರೂ ಮೇಲ್ಮನವಿ ಹಾಕಬಹುದು. ಇದು ಗೊತ್ತಿಲ್ಲದೆ ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಾಗುವವರೇ ಹೆಚ್ಚು.

ಉಪಗ್ರಹ ಚಿತ್ರದ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಅಂಥ ತಂತ್ರಜ್ಞಾನವನ್ನು ಅರ್ಜಿದಾರರ ಸಾಕ್ಷ್ಯಕ್ಕೆ ಪೂರಕವಾಗಿ ಬಳಸಬಹುದು, ಬೇರೆ ಸಾಕ್ಷ್ಯವನ್ನು ಬದಿಗೆ ತಳ್ಳಲು ಬಳಸುವಂತಿಲ್ಲ. ಇಂಥದ್ದೇ ದಾಖಲೆ ಬೇಕು ಎಂದು ಹಟ ಹಿಡಿಯುವುದಕ್ಕೂ ಸಮಿತಿಗೆ ಅಧಿಕಾರವಿಲ್ಲ. ಕೊಡಗಿನ ಮಟ್ಟಿಗಂತೂ ಆ ಚಿತ್ರ ನೆಚ್ಚಿಕೊಳ್ಳುವಂಥದ್ದಲ್ಲ. ನೆರಳಿನ ಮರದ ಕೆಳಗೆ ಕಾಫಿ, ಕರಿಮೆಣಸು, ಗೆಣಸು ಬೆಳೆಯುವ ನಾಡಿದು. ಮೇಲಿಂದ ನೋಡಿದರೆ ದೊಡ್ಡ ಎಸ್ಟೇಟುಗಳಲ್ಲೂ ಬಹುಪಾಲು ಕಾಣುವುದು ಮರದ ತಲೆಯೇ. ಈ ಮಾತನ್ನು ಮೇಲ್ಮನವಿಯಲ್ಲಿ ಬರೆಯಿರಿ.

ಮೇಲ್ಮನವಿಗೆ ಬಲ ಬರುವುದು 13ನೇ ನಿಯಮದ ಸಾಕ್ಷ್ಯದಿಂದ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಎರಡಿದ್ದರೆ ಸಾಕಾಗುತ್ತದೆ, ನಾಲ್ಕಿದ್ದರೆ ಒಳ್ಳೆಯದು. ಕಾಯ್ದೆ ಇಟ್ಟ ಗಡುವಾದ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮತದಾರರ ಪಟ್ಟಿ, ರೇಷನ್ ಕಾರ್ಡು, ಶಾಲಾ ದಾಖಲಾತಿ, ಅರಣ್ಯ ಇಲಾಖೆಯ ಕೂಲಿ ಲೆಕ್ಕದಲ್ಲಿ ಹಿರಿಯರ ಹೆಸರು, ಲ್ಯಾಂಪ್ಸ್ (ಗಿರಿಜನರ ವಿವಿಧೋದ್ದೇಶ ಸಹಕಾರ) ಸೊಸೈಟಿಯ ಸದಸ್ಯತ್ವದ ಪುಸ್ತಕ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಕಾಗದವೇ ಇಲ್ಲದವರಿಗೂ ದಾರಿ ಇದೆ. ಮನೆ ಕಟ್ಟಿದ ದಿಣ್ಣೆ, ಏರಿ, ಬಾವಿ, ಸತ್ತವರನ್ನು ಮಣ್ಣು ಮಾಡಿದ ಜಾಗ, ದೇವರ ಬನ ಎಲ್ಲವೂ ಸಾಕ್ಷ್ಯವೆಂದು ನಿಯಮವೇ ಒಪ್ಪುತ್ತದೆ. ವಂಶವೃಕ್ಷ ಮತ್ತು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ನಡೆಯುತ್ತದೆ. ಎಡವುವುದು ಈ ಹೇಳಿಕೆಯಲ್ಲೇ. ಒಂದೇ ಒಕ್ಕಣೆಯನ್ನು ನಲವತ್ತು ಅರ್ಜಿಗೆ ಟೈಪ್ ಮಾಡಿಸಿ ಹೆಬ್ಬೆಟ್ಟು ಒತ್ತಿಸಿದರೆ ಅದನ್ನು ಯಾರೂ ನಂಬುವುದಿಲ್ಲ. ಯಾವ ಹೊಳೆಯ ಯಾವ ಬದಿ, ಯಾವ ಮರದ ಹತ್ತಿರ, ಯಾರ ಗದ್ದೆಯ ಆಚೆ ಎಂದು ಆ ಹಿರಿಯರು ಹೇಳಿದ ಹಾಗೆಯೇ ಬರೆದುಕೊಳ್ಳಿ.

ಸ್ಥಳ ಪರಿಶೀಲನೆಯ ಮಹಜರನ್ನೂ ತೆಗೆದು ನೋಡಿ. ಅರಣ್ಯ ಮತ್ತು ಕಂದಾಯ ಇಲಾಖೆಯವರು ಪರಿಶೀಲನೆಗೆ ಹಾಜರಿದ್ದು, ಹುದ್ದೆ, ತಾರೀಖು ಬರೆದು ಸಹಿ ಹಾಕಬೇಕು. 'ನಾವು ಇರಲಿಲ್ಲ' ಎಂದು ಆಮೇಲೆ ಆಕ್ಷೇಪಿಸಿದರೆ ಗ್ರಾಮಸಭೆ ಮತ್ತೊಮ್ಮೆ ಪರಿಶೀಲನೆ ನಡೆಸುತ್ತದೆ. ತಿಳಿಸಿದ ಮೇಲೂ ಎರಡನೇ ಸಲ ಬಾರದಿದ್ದರೆ ಆ ವಿಷಯದಲ್ಲಿ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಇದಕ್ಕೆಲ್ಲ ಆಧಾರ ನೀವು ಅವರಿಗೆ ಕೊಟ್ಟ ನೋಟಿಸಿನ ಸ್ವೀಕೃತಿ. ಅದನ್ನು ಕಳೆದುಕೊಳ್ಳಬೇಡಿ. ಇನ್ನು, ಕಡತ ಅಪೂರ್ಣ ಎನಿಸಿದರೆ ಸಮಿತಿ ಅದನ್ನು ತಿರಸ್ಕರಿಸದೆ ಗ್ರಾಮಸಭೆಗೆ ವಾಪಸು ಕಳಿಸಬೇಕು ಎಂಬುದೂ 12ಎಯಲ್ಲೇ ಇದೆ. ಮೇಲ್ಮನವಿಯಲ್ಲಿ ಕನಿಷ್ಠ ಇದನ್ನಾದರೂ ಕೇಳಿಕೊಳ್ಳಿ.

*ನಾವು ಯರವರು. 75 ವರ್ಷದ ದಾಖಲೆ ತನ್ನಿ ಎನ್ನುತ್ತಿದ್ದಾರೆ. ಎಲ್ಲಿಂದ ತರುವುದು?*
(ಓದುಗರು, ವಿರಾಜಪೇಟೆ ತಾಲ್ಲೂಕು)

ತರಬೇಕಾಗಿಲ್ಲ. ಮೂರು ತಲೆಮಾರು, ಅಂದರೆ 75 ವರ್ಷದ ಷರತ್ತು ಇರುವುದು ಪರಿಶಿಷ್ಟ ಪಂಗಡಕ್ಕೆ ಸೇರದ 'ಇತರ ಪಾರಂಪರಿಕ ಅರಣ್ಯವಾಸಿ'ಗಳಿಗೆ. ಯರವರು ಪರಿಶಿಷ್ಟ ಪಂಗಡದವರು. ಜಾತಿ ಪ್ರಮಾಣಪತ್ರದ ಜತೆಗೆ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗ ನಿಮ್ಮ ಅನುಭೋಗದಲ್ಲಿತ್ತು ಎಂದು ತೋರಿಸಿದರೆ ಸಾಕು. ಎಷ್ಟು ಜಾಗ ಅನುಭೋಗದಲ್ಲಿದೆಯೋ ಅಷ್ಟಕ್ಕೇ ಹಕ್ಕು. ಗರಿಷ್ಠ ಮಿತಿ 4 ಹೆಕ್ಟೇರ್, ಹತ್ತಿರಹತ್ತಿರ ಹತ್ತು ಎಕರೆ.

*ಪಂಚಾಯಿತಿಯ ಗ್ರಾಮಸಭೆಯಲ್ಲಿ ನಾವು ಹಾಡಿಯವರು ಕೈಬೆರಳೆಣಿಕೆಯಷ್ಟು. ತೋಟದ ಮಾಲೀಕರೇ ಮಾತಾಡಿ ಸಭೆ ಮುಗಿಸುತ್ತಾರೆ. ನಮ್ಮ ಅರ್ಜಿ ಅಲ್ಲೇ ಪಾಸಾಗಬೇಕೇ?*
(ಓದುಗರು, ಕುಶಾಲನಗರ ತಾಲ್ಲೂಕು)

ಬೇಕಿಲ್ಲ. ಈ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ 'ಗ್ರಾಮ' ಎಂದರೆ ಅರಣ್ಯ ಗ್ರಾಮ, ಹಳೆಯ ವಸತಿ, ಅಳತೆಯಾಗದ ಹಳ್ಳಿಯೂ ಸೇರುತ್ತವೆ. ಗ್ರಾಮವೆಂದು ಅಧಿಸೂಚನೆ ಆಗಿರಬೇಕೆಂದೂ ಇಲ್ಲ. ಆದ್ದರಿಂದ ಹಾಡಿಯ ವಯಸ್ಕರೆಲ್ಲ ಸೇರಿದ ಸಭೆಯೇ ನಿಮ್ಮ ಗ್ರಾಮಸಭೆ. ಅದನ್ನು ಹಾಡಿಯಲ್ಲೇ ಕರೆಯಿರಿ ಎಂದು ಪಿಡಿಒ ಅವರಿಗೆ ಬರೆದುಕೊಡಿ, ಒಂದು ಪ್ರತಿಯನ್ನು ಐಟಿಡಿಪಿ (ಗಿರಿಜನ ಅಭಿವೃದ್ಧಿ) ಕಚೇರಿಗೂ ಕೊಡಿ.

ಕೋರಂ ಲೆಕ್ಕ ತಪ್ಪಬಾರದು. ಸದಸ್ಯರಲ್ಲಿ ಅರ್ಧದಷ್ಟಾದರೂ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು. ಹಕ್ಕಿನ ಬಗ್ಗೆ ಠರಾವು ಮಾಡುವಾಗ ಅರ್ಜಿದಾರರಲ್ಲೂ ಅರ್ಧ ಜನ ಇರಬೇಕು. ಅರ್ಜಿಗಳನ್ನು ಪರಿಶೀಲಿಸಲು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಮಂದಿ ಇರುತ್ತಾರೆ. ಅವರಲ್ಲಿ ಮೂರನೇ ಎರಡರಷ್ಟು ಪರಿಶಿಷ್ಟ ಪಂಗಡದವರು, ಮೂರನೇ ಒಂದರಷ್ಟು ಮಹಿಳೆಯರು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಇಟ್ಟರೆ ಕೋರಂ ಆಗುವುದಿಲ್ಲ, ಎಲ್ಲರೂ ತೋಟದಲ್ಲಿರುತ್ತಾರೆ. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಇಟ್ಟುಕೊಳ್ಳಿ. ಖಾಲಿ ಪುಸ್ತಕದಲ್ಲಿ ಮನೆ ಮನೆಗೆ ಹೋಗಿ ಮೊದಲೇ ಸಹಿ ಪಡೆದು ಮೇಲೆ ಠರಾವು ಬರೆಯುವ ಚಾಳಿ ಕೆಲವು ಕಡೆ ಇದೆ. ಹಾಗೆ ಮಾಡಿದ್ದು ಗೊತ್ತಾದರೆ ಹಾಡಿಯ ಅಷ್ಟೂ ಅರ್ಜಿಗಳಿಗೆ ಕುತ್ತು.

*ಜೇನು, ಸೀಗೆ, ಅಂಟುವಾಳ ತರಲು ಹೋದರೆ ತಡೆಯುತ್ತಾರೆ. ಕಾಡೊಳಗಿನ ನಮ್ಮ ದೇವರಿಗೆ ಪೂಜೆ ಮಾಡಲೂ ಕೇಳಿಕೊಂಡು ಹೋಗಬೇಕು. ಇದಕ್ಕೆ ಯಾವ ಅರ್ಜಿ?*
(ಓದುಗರು, ತಿತಿಮತಿ ಕಡೆ)

ನಮ್ಮ ಅಭಿಪ್ರಾಯದಲ್ಲಿ ಎಲ್ಲರೂ ಮೊದಲು ಕೇಳಬೇಕಿದ್ದ ಪ್ರಶ್ನೆ ಇದು. ವೈಯಕ್ತಿಕ ಹಕ್ಕಿನ 'ನಮೂನೆ ಎ' ತುಂಬಿಸಿ ಕೆಲಸ ಮುಗಿಯಿತು ಅಂದುಕೊಂಡ ಹಾಡಿಗಳೇ ಹೆಚ್ಚು. ಕಿರು ಅರಣ್ಯ ಉತ್ಪನ್ನ, ಮೀನು, ಮೇವು, ಪೂಜಾಸ್ಥಳದಂಥ ಸಮುದಾಯ ಹಕ್ಕಿಗೆ 'ನಮೂನೆ ಬಿ' ಇದೆ. ಹಾಡಿಯ ವಾಡಿಕೆಯ ಎಲ್ಲೆಯೊಳಗಿನ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕಿಗೆ 'ನಮೂನೆ ಸಿ' ಇದೆ. ಇವಕ್ಕೆ 4 ಹೆಕ್ಟೇರಿನ ಮಿತಿ ಅನ್ವಯಿಸುವುದಿಲ್ಲ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದೆಲ್ಲ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಉದಾಹರಣೆ ಕೊಡಿ. ಅಲ್ಲಿನ ಗ್ರಾಮಸಭೆಗಳಿಗೆ 2011ರಲ್ಲೇ ಸಮುದಾಯ ಹಕ್ಕು ಸಿಕ್ಕಿದೆ.

'ನಮೂನೆ ಸಿ'ಯ ಜೀವ ಅದರ ನಕ್ಷೆ. ಹಿರಿಯರನ್ನು ಕರೆದುಕೊಂಡು ಎಲ್ಲೆ ಸುತ್ತಿ, ಜೇನು ಕಟ್ಟುವ ಮರ, ಹೊಳೆಯ ಮಡು, ಹಡ್ಲು (ಕಾಡಿನ ಜೌಗು ಬಯಲು), ದೇವರ ಜಾಗ, ಸಮಾಧಿ, ಹಳೆಯ ಹಾಡಿ ಇದ್ದ ಜಾಗಗಳನ್ನು ನಿಮ್ಮದೇ ನುಡಿಯ ಹೆಸರಿನಲ್ಲಿ ಗುರುತು ಹಾಕಿ. ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಜಿಪಿಎಸ್ ಅಂಕಿ ಬರೆದುಕೊಳ್ಳಿ. ಪಕ್ಕದ ಹಾಡಿಯ ಎಲ್ಲೆ ಮೇಲೆ ಬಿದ್ದರೆ ಎರಡೂ ಹಾಡಿಯ ಸಮಿತಿಯವರು ಕೂತು ಬಗೆಹರಿಸಿ ಬರಹದಲ್ಲಿ ಇಡಬೇಕು. ಇದನ್ನು ಬಿಟ್ಟರೆ ಕಡತ ವರ್ಷಗಟ್ಟಲೆ ಕೊಳೆಯುತ್ತದೆ. ಬೇಟೆಯ ಹಕ್ಕನ್ನು ಮಾತ್ರ ಕಾಯ್ದೆ ಕೊಡುವುದಿಲ್ಲ, ಅದನ್ನು ಪಟ್ಟಿಯಲ್ಲಿ ಸೇರಿಸಬೇಡಿ.

*ಲೈನ್‌ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇವೆ. ಆ ಜಾಗಕ್ಕೆ ಹಕ್ಕುಪತ್ರ ಸಿಗುತ್ತದೆಯೇ?*
(ಓದುಗರು, ಸಿದ್ದಾಪುರ)

ಈ ಕಾಯ್ದೆಯಡಿ ಸಿಗುವುದಿಲ್ಲ. ಇದು ಅರಣ್ಯ ಭೂಮಿಗೆ ಮಾತ್ರ. ಕೃಷಿ ಕಾರ್ಮಿಕರ ವಾಸದ ಮನೆಗೆ ಹಕ್ಕು ಕೊಡುವ ಭೂ ಸುಧಾರಣಾ ಕಾಯ್ದೆಯ 38ನೇ ಸೆಕ್ಷನ್ ಕೂಡ ಪ್ಲಾಂಟೇಶನ್‌ಗಳಿಗೆ ಅನ್ವಯಿಸುವುದಿಲ್ಲ. ಪೈಸಾರಿಯಲ್ಲಿ (ಸರ್ಕಾರಿ ಪಾಳು ಜಮೀನಿನಲ್ಲಿ) ನಿವೇಶನ ಕೇಳಿ ತಹಶೀಲ್ದಾರರಿಗೂ ಪಂಚಾಯಿತಿಗೂ ಅರ್ಜಿ ಕೊಡಿ. ಲೈನ್‌ಮನೆಗೆ ಬರುವ ಮುಂಚೆ ನಿಮ್ಮ ಮನೆಯವರನ್ನು ಕಾಡಿನಿಂದ ಪುನರ್ವಸತಿ ಇಲ್ಲದೆ ಎಬ್ಬಿಸಿದ್ದರೆ ಮಾತ್ರ ಬೇರೆ ದಾರಿ ಇದೆ. 2005ರ ಡಿಸೆಂಬರ್ 13ಕ್ಕೆ ಮುಂಚೆ ಹಾಗೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರು ಬದಲಿ ಜಮೀನೂ ಸೇರಿದಂತೆ ಪುನರ್ವಸತಿ ಕೇಳಬಹುದು.

*ಹಕ್ಕುಪತ್ರದ ಜಮೀನು ಮಾರಬಹುದೇ?*
(ಓದುಗರು, ಸೋಮವಾರಪೇಟೆ)

ಇಲ್ಲ. ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಮದುವೆಯಾದವರಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರೂ ಪತ್ರದಲ್ಲಿ ಇರಬೇಕು. ಒಬ್ಬರದೇ ಇದ್ದರೆ ತಿದ್ದಿಸಿ.

*ಅರ್ಜಿ ಇನ್ನೂ ಬಾಕಿ ಇದೆ. ಹಣ ತೆಗೆದುಕೊಂಡು ಕಾಡು ಬಿಡುತ್ತೇವೆ ಎಂಬ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕದಿದ್ದರೆ ಎಬ್ಬಿಸುತ್ತಾರೆಯೇ?*
(ಓದುಗರು, ನಾಗರಹೊಳೆ ವ್ಯಾಪ್ತಿಯ ಹಾಡಿ)

ಹಕ್ಕು ಗುರುತಿಸುವ, ಪರಿಶೀಲಿಸುವ ಕೆಲಸ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಅವರ ಅನುಭೋಗದ ಜಾಗದಿಂದ ಎಬ್ಬಿಸುವಂತಿಲ್ಲ ಎಂದು 4(5) ಸೆಕ್ಷನ್ ಹೇಳುತ್ತದೆ. ಕಾನೂನು ಹಾಗಿದ್ದರೂ 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತದ್ದು ಎಲ್ಲರಿಗೂ ಗೊತ್ತು. ಅಂಥ ಕಡೆ ಮೊದಲು ಏಳುವ ವಾದ 'ಇವು ಹೊಸ ಗುಡಿಸಲು' ಎಂಬುದು. ಆದ್ದರಿಂದ ಅರ್ಜಿಯ ಸ್ವೀಕೃತಿ, 2005ಕ್ಕೆ ಮುಂಚಿನ ಸಾಕ್ಷ್ಯ ಎರಡನ್ನೂ ಪ್ರತಿ ಮನೆಯೂ ಕೈಯಲ್ಲಿ ಇಟ್ಟುಕೊಂಡಿರಬೇಕು.

ಸಹಿ ಹಾಕುವುದು ಬಿಡುವುದು ನಿಮ್ಮ ಇಷ್ಟ. ಆದರೆ ವನ್ಯಜೀವಿ ನೆಲೆಗಾಗಿ ಸ್ಥಳಾಂತರಿಸಬೇಕಾದರೆ ಮೊದಲು ಹಕ್ಕು ಗುರುತಿಸುವುದು ಮುಗಿದಿರಬೇಕು. ಗ್ರಾಮಸಭೆಯ ಮುಕ್ತ, ತಿಳಿವಳಿಕೆಯ ಒಪ್ಪಿಗೆ ಬರಹದಲ್ಲಿರಬೇಕು. ಹೋಗುವ ಜಾಗದಲ್ಲಿ ಭೂಮಿ, ಸೌಲಭ್ಯ ಸಿದ್ಧವಾಗಿರಬೇಕು. ಒಬ್ಬೊಬ್ಬರಿಂದ ಪಡೆದ ಸಹಿ ಗ್ರಾಮಸಭೆಯ ಒಪ್ಪಿಗೆ ಆಗುವುದಿಲ್ಲ. ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆ ಕುರಿತ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯ ಕೊಂದರ ಹಕ್ಕಿನ ಪ್ರಶ್ನೆಯನ್ನು, ದೇವರ ಬೆಟ್ಟದ ಪ್ರಶ್ನೆಯನ್ನೂ ಸೇರಿಸಿ, ಗ್ರಾಮಸಭೆಗಳ ಮುಂದಿಟ್ಟಿತು. ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶ ಕರ್ನಾಟಕದಲ್ಲಿ ಇಲ್ಲದ ಕಾರಣ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆ ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಕೊಡಗಿನ ಹಾಡಿಗಳ ಕೈಯಲ್ಲಿರುವ ಮುಖ್ಯ ಆಸರೆ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಯೇ. ಸಹಿ ಕೇಳಲು ಬಂದವರಿಗೆ 'ಕಾಗದ ಬಿಟ್ಟು ಹೋಗಿ, ಸಭೆಯಲ್ಲಿ ಓದಿಸಿ ಉತ್ತರ ಕೊಡುತ್ತೇವೆ' ಎನ್ನಿ. ಬಿಟ್ಟು ಹೋಗಲು ಒಪ್ಪದಿದ್ದರೆ ಆ ಕಾಗದದ ಫೋಟೊ ತೆಗೆದು, ಬಂದವರ ಹುದ್ದೆ ಮತ್ತು ತಾರೀಖನ್ನು ಠರಾವು ಪುಸ್ತಕದಲ್ಲಿ ಅಂದೇ ಬರೆದಿಡಿ.