ಪಟ್ಟೆ ಸಿಂಹಕ್ಕಲ್ಲ, ನೊಣಕ್ಕೆ

"ಸಿಂಹದಿಂದ ಅಡಗಿಕೊಳ್ಳೋಕೆ ಪಟ್ಟೆ ಅಂತಾರೆ, ಆದರೆ ಬಯಲಲ್ಲಿ ಜೀಬ್ರಾ ಎದ್ದು ಕಾಣುತ್ತಲ್ಲ?" ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗೇ ಇದೆ. ಸಿಂಹದ ಕಣ್ಣು ನಮ್ಮಷ್ಟು ಚುರುಕಲ್ಲ. ಹಗಲಲ್ಲೂ ಸುಮಾರು 50 ಮೀಟರ್ ದಾಟಿದರೆ ಅದಕ್ಕೆ ಪಟ್ಟೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಅದಕ್ಕಿಂತ ಹತ್ತಿರ ಬರುವ ಹೊತ್ತಿಗೆ ವಾಸನೆ, ಸದ್ದು ಎಲ್ಲಾ ಸಿಕ್ಕಿರುತ್ತದೆ. ಇನ್ನು ಅಡಗಿ ಏನು ಪ್ರಯೋಜನ?

ಈಗ ಜಾಸ್ತಿ ಪುರಾವೆ ಇರುವುದು ರಕ್ತ ಹೀರುವ ನೊಣಗಳ ಕಡೆಗೆ. ಜೀವಶಾಸ್ತ್ರಜ್ಞ ಟಿಮ್ ಕಾರೊ ಮತ್ತು ಜೊತೆಗಾರರು ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಕಪ್ಪು, ಬಿಳಿ, ಪಟ್ಟೆ ಹೀಗೆ ಮೂರು ಥರದ ಹೊದಿಕೆ ಹಾಕಿ ನೋಡಿದರು. ಫಲಿತಾಂಶ 2019ರಲ್ಲಿ ಬಂತು. ಪಟ್ಟೆ ಹೊದಿಕೆಯ ಮೇಲೆ ಕೂತ ನೊಣ ತೀರಾ ಕಡಿಮೆ. ಮಜಾ ಏನಂದರೆ, ಅದೇ ಕುದುರೆಗಳ ಬರಿ ತಲೆಯ ಮೇಲೆ ನೊಣ ಎಂದಿನಂತೆ ಕೂತವು! ಅಂದರೆ ನೊಣ ಹತ್ತಿರ ಬರುವುದನ್ನು ಪಟ್ಟೆ ತಡೆಯುವುದಿಲ್ಲ, ಇಳಿಯುವ ಗಳಿಗೆಯಲ್ಲಿ ಕೆಡಿಸುತ್ತದೆ. ಜೀಬ್ರಾದ ಹತ್ತಿರ ಬಂದ ನೊಣಗಳು ವೇಗ ತಗ್ಗಿಸದೆ ಮೈಗೆ ಢಿಕ್ಕಿ ಹೊಡೆದವು, ಇಲ್ಲವೇ ಹಾಗೇ ಹಾರಿಹೋದವು. ಅದೇ ವರ್ಷ ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದಾಗಲೂ ನೊಣದ ಕಾಟ ಸುಮಾರು ಅರ್ಧಕ್ಕೆ ಇಳಿಯಿತು.

ನೊಣಕ್ಕೆ ಇಷ್ಟು ಹೆದರಬೇಕಾ ಅನಿಸಬಹುದು. ಆಫ್ರಿಕಾದಲ್ಲಿ ಈ ನೊಣಗಳು ಕುದುರೆ ಜಾತಿಯ ಪ್ರಾಣಿಗಳನ್ನು ಕೊಲ್ಲುವಂಥ ರೋಗ ಹರಡುತ್ತವೆ. ಸಾಲದ್ದಕ್ಕೆ ಜೀಬ್ರಾದ ಕೂದಲೂ ಗಿಡ್ಡ, ನೊಣದ ಬಾಯಿ ಸುಲಭವಾಗಿ ಚರ್ಮ ಮುಟ್ಟುತ್ತದೆ.

ಪಟ್ಟೆಯಿಂದ ಮೈ ತಂಪಾಗುತ್ತದೆ ಅನ್ನುವವರೂ ಇದ್ದಾರೆ. ನನಗಂತೂ ಆ ವಾದ ಅಷ್ಟು ಹಿಡಿಸಿಲ್ಲ. ನೀರು ತುಂಬಿದ ಪೀಪಾಯಿಗಳಿಗೆ ಪಟ್ಟೆ ಚರ್ಮ ಸುತ್ತಿ ಬಿಸಿಲಿಗಿಟ್ಟಾಗ ಅಂಥ ತಂಪೇನೂ ಸಿಗಲಿಲ್ಲ.