ಬನವಾಸಿಯ ‘ಪೆರ್ಗಡೆ’ಯೂ ನಿಮ್ಮ ಮನೆಯ ಹೆಗಡೆಯೂ
ಬನವಾಸಿ ಕಡೆಯ ಶಾಸನವೊಂದರಲ್ಲಿ ‘ಪೆರ್ಗಡೆ’ ಎಂದು ಓದಿ, ಆತ ಶಿರಸಿಯ ನಿಮ್ಮ ಹೆಗಡೆ ಮನೆತನದ ಮೂಲಪುರುಷನೇ ಎಂದು ಕೇಳಿದ್ದೀರಿ. ಶಬ್ದವಂತೂ ಅದೇ. ಹಳಗನ್ನಡದ ಪಾಲ್ ಹಾಲಾದ ಹಾಗೆ, ಪೆಸರ್ ಹೆಸರಾದ ಹಾಗೆ ಪೆರ್ಗಡೆ ಹೆಗ್ಗಡೆಯಾಯಿತು, ಆಮೇಲೆ ಹೆಗಡೆ.

ಆದರೆ ಅದು ಕುಲದ ಹೆಸರಲ್ಲ, ಅಧಿಕಾರದ ಹೆಸರು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಅರಮನೆ ನೋಡಿಕೊಳ್ಳುವವನು ಮನೆವೆರ್ಗಡೆ, ಸುಂಕದವನು ಸುಂಕವೆರ್ಗಡೆ. ಹಾಗಾಗಿಯೇ ಇವತ್ತು ಹವ್ಯಕರಲ್ಲೂ ಜೈನರಲ್ಲೂ ಬಂಟರಲ್ಲೂ ಈ ಹೆಸರಿದೆ. ಕುಮಟಾ ಪಕ್ಕದಲ್ಲಿ ಹೆಗಡೆ ಎಂಬ ಊರೇ ಇದೆ. ಬರೀ ಹೆಸರು ನೋಡಿ ಸಂಬಂಧ ಕಟ್ಟಬೇಡಿ, ದಯವಿಟ್ಟು.

ಮನೆಯಿಂದ ಹಿಂದಕ್ಕೆ ಹೋಗಿ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರು ಹೇಳುತ್ತಾರಲ್ಲ, ನಿಮ್ಮ ತಂದೆಯವರು ಹೇಳುವುದನ್ನು ಮೊದಲು ಬರೆದುಕೊಳ್ಳಿ. ನೀವು, ನಿಮ್ಮ ತಂದೆ ಸೇರಿ ಅಲ್ಲಿಗೇ ಐದು ತಲೆಮಾರು ಸಿಕ್ಕಿತು. ಆಮೇಲೆ ಜಮೀನಿನ ಹಳೇ ದಾಖಲೆ, ಕುಲಪುರೋಹಿತರ ಮನೆ. ಅಟ್ಟದ ಮೇಲೆ ಕಡತ ಇದೆಯೇ ನೋಡಿ: ಹುಣಸೆಬೀಜದ ಸರಿ, ಇದ್ದಿಲು ಬಳಿದ ಕಪ್ಪು ಬಟ್ಟೆ, ಮಡಿಕೆ ಮಡಿಕೆಯಾಗಿರುತ್ತದೆ. ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಳಪದ ಅಕ್ಷರ, ಅಳಿಸಿಹೋಗುತ್ತದೆ. ಮೊದಲು ಫೋಟೋ ತೆಗೆಯಿರಿ.