ನಾಲ್ಕು ಗಂಟೆ ನಿದ್ದೆ ಸಾಕೆಂದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹದಿನಾಲ್ಕರ ಹುಡುಗ. ಸಾಧಕರೆಲ್ಲ ದಿನಕ್ಕೆ ನಾಲ್ಕೇ ಗಂಟೆ ಮಲಗುತ್ತಾರೆಂದು ವಿಡಿಯೊಗಳಲ್ಲಿ ಕೇಳಿ ತಾನೂ ಹಾಗೆಯೇ ಮಾಡತೊಡಗಿದ್ದ. ತರಗತಿಯಲ್ಲಿ ತೂಕಡಿಕೆ, ಮನೆಯಲ್ಲಿ ಸಿಡುಕು. "ಕಂಡದ್ದನ್ನೆಲ್ಲ ನಂಬುತ್ತಾನೆ, ಸ್ವಂತ ಬುದ್ಧಿಯಿಲ್ಲ" ಎಂಬುದು ತಂದೆಯ ದೂರು. ಆದರೆ ಹುಡುಗ ನನ್ನ ಬಳಿಗೆ ಬರಿಗೈಯಲ್ಲಿ ಬಂದಿರಲಿಲ್ಲ. ಕಡಿಮೆ ಮಲಗಿದ ಸಾಧಕರ ಉದ್ದನೆಯ ಪಟ್ಟಿಯನ್ನೇ ತಂದಿದ್ದ. ಬುದ್ಧಿಯಿಲ್ಲದವನು ಪಟ್ಟಿ ಮಾಡುವುದಿಲ್ಲ. ತೊಡಕಿದ್ದದ್ದು ಆ ಪಟ್ಟಿಯಿಂದ ಯಾರು ಹೊರಗುಳಿದಿದ್ದರು ಎಂಬುದರಲ್ಲಿ.

ನಾನು ವಿಡಿಯೊಗಳ ತಂಟೆಗೆ ಹೋಗಲಿಲ್ಲ. ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಆಟವಾಗಿ ಆಡಿಸಿದೆ. 2, 4, 6 ಎಂಬುವು ನನ್ನ ಮನಸ್ಸಿನಲ್ಲಿರುವ ನಿಯಮಕ್ಕೆ ಹೊಂದುತ್ತವೆ. ಬೇರೆ ಮೂರು ಮೂರು ಸಂಖ್ಯೆಗಳನ್ನು ಹೇಳುತ್ತಾ ನಿಯಮ ಕಂಡುಹಿಡಿ ಎಂದೆ. 8, 10, 12? ಹೊಂದುತ್ತದೆ. 20, 22, 24? ಅದೂ ಹೊಂದುತ್ತದೆ. "ಎರಡೆರಡು ಕೂಡಿಸುವುದು" ಎಂದು ಗೆದ್ದವನಂತೆ ನಕ್ಕ. ಅಲ್ಲ. ಸಂಖ್ಯೆಗಳು ಏರುತ್ತಾ ಹೋದರೆ ಸಾಕು, ಅಷ್ಟೇ ನಿಯಮ. 1, 7, 50 ಎಂದು ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ತನ್ನ ಊಹೆಯನ್ನು ಸುಳ್ಳಾಗಿಸಬಲ್ಲ ಪ್ರಶ್ನೆಯನ್ನೇ ಅವನು ಕೇಳಿರಲಿಲ್ಲ. ವೇಸನ್ ಅವರ ಪ್ರಯೋಗದಲ್ಲಿ ಎಡವಿದವರು ಕಾಲೇಜು ವಿದ್ಯಾರ್ಥಿಗಳು.

ಬಳಿಕ ಹಾಳೆಯಲ್ಲಿ ನಾಲ್ಕು ಮನೆ ಎಳೆದೆವು: ಕಡಿಮೆ ಮಲಗಿ ಗೆದ್ದವರು, ಕಡಿಮೆ ಮಲಗಿ ಸೋತವರು, ಚೆನ್ನಾಗಿ ಮಲಗಿ ಗೆದ್ದವರು, ಸೋತವರು. ಅವನ ಹೆಸರುಗಳೆಲ್ಲ ಒಂದೇ ಮನೆಯಲ್ಲಿ ಕುಳಿತವು. "ಸೋತವರ ವಿಡಿಯೊ ಯಾರು ಮಾಡುತ್ತಾರೆ?" ಎಂದು ಅವನೇ ಕೇಳಿದ.

ತಂದೆಗೆ ಹೇಳಿದ್ದು: ಮಲಗುವ ವೇಳೆಯನ್ನು ಚರ್ಚೆಗೆ ಬಿಡಬೇಡಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ಕಾರಣ ತಿಳಿಸಿ, ನಿಯಮ ನೀವೇ ಮಾಡಿ. ಉಳಿದ ವಿಷಯಗಳಲ್ಲಿ "ಅದೆಲ್ಲ ಸುಳ್ಳು" ಎಂದು ತಳ್ಳಿಹಾಕುವ ಬದಲು "ಇದು ತಪ್ಪಾಗಿದ್ದರೆ ನಮಗೆ ಏನು ಕಾಣಿಸಬೇಕಿತ್ತು?" ಎಂದು ಕೇಳಿ. ಎಲ್ಲವನ್ನೂ ಅನುಮಾನಿಸು ಎಂದಂತೂ ಕಲಿಸಬೇಡಿ. ಸಾರಾಸಗಟು ಅನುಮಾನಿಸುವವನಿಗೆ ಯಾವುದನ್ನೂ ಪರೀಕ್ಷಿಸುವ ಶ್ರಮವಿಲ್ಲ, ಅದು ಸೋಮಾರಿತನದ ಇನ್ನೊಂದು ಬಗೆ. ಮತ್ತೆ, ಈ ಪ್ರಶ್ನೆ ನಿಮ್ಮ ಕಡೆಗೂ ತಿರುಗುತ್ತದೆ, ಸಿದ್ಧರಾಗಿರಿ.

ತಿರುಗಿತು. ಅಂಕ ಕುಸಿದದ್ದು ಮೊಬೈಲಿನಿಂದಲೇ ಎಂದ ತಂದೆಗೆ, ಮೊಬೈಲ್ ಬರುವ ಮೊದಲಿನ ಅಂಕಪಟ್ಟಿ ನೋಡೋಣ ಎಂದನಂತೆ ಮಗ. ಇದು ಉದ್ಧಟತನವಲ್ಲವೇ ಎಂದು ತಂದೆ ಸಿಟ್ಟಿನಿಂದ ನನಗೆ ಫೋನ್ ಮಾಡಿದರು. ಇಬ್ಬರೂ ಕೂತು ನೋಡಿ ಎಂದೆ. ವಿಜ್ಞಾನದ ಅಂಕ ಇಳಿದದ್ದು ಮೊಬೈಲ್ ಬಂದ ಮೇಲೆ. ಗಣಿತದ್ದು ಅದಕ್ಕೂ ಒಂದು ವರ್ಷ ಮೊದಲು. ಗಣಿತದಲ್ಲಿ ಎಲ್ಲಿ ತಪ್ಪುತ್ತಿದೆ ಎಂದು ಈಗ ಇಬ್ಬರೂ ಹಳೆಯ ಉತ್ತರಪತ್ರಿಕೆಗಳನ್ನು ತಿರುವಿಹಾಕುತ್ತಿದ್ದಾರೆ.